ಹೆಣ್ಣೆನ್ನುವವರಾರು, ಗಂಡೆನ್ನುವವರಾರು?

ಹೆಣ್ಣು-ಗಂಡೆಂಬ ಭೇದವನ್ನು ಅಲ್ಲಗಳೆಯುವ ಮಾತುಗಳು ವಚನ ಸಾಹಿತ್ಯದಲ್ಲಿ ಹಲವೆಡೆ ಬರುತ್ತವೆ. ನಮ್ಮ ಶಿವಾನುಭವ ಗೋಷ್ಠಿಗಳಲ್ಲಿ ಅಂಥ ವಚನವೊಂದನ್ನು ಹಾಡಿಸಿ, ‘ಆತ್ಮಕ್ಕೆ ಲಿಂಗಭೇದವಿಲ್ಲ’ ಎಂಬ ಒಂದು ವಾಕ್ಯದಿಂದ ವ್ಯಾಖ್ಯಾನವನ್ನು ಮುಗಿಸುವುದು ಬಹುಕಾಲದಿಂದ ನಡೆದುಬಂದ ವಾಡಿಕೆ. ಈ ಲೇಖಕನೂ ಮೂವತ್ತೈದು ವರ್ಷಗಳ ಅಧ್ಯಾಪನ ವೃತ್ತಿಯಲ್ಲಿ ಹಾಗೆಯೇ ಪಾಠ ಹೇಳಿದವನು. ಆ ವ್ಯಾಖ್ಯಾನ ತಪ್ಪೆಂದು ಹೇಳುವುದು ಪ್ರಸ್ತುತ ಲೇಖನದ ಉದ್ದೇಶವಲ್ಲ. ಅದು ಅರ್ಧ ಮಾತ್ರವೆಂಬುದನ್ನೂ, ಉಳಿದರ್ಧವನ್ನು ಕೈಬಿಟ್ಟುದರಿಂದ ಶರಣರ ಮಾತನ್ನೇ ಶರಣರ ಆಶಯಕ್ಕೆ ವಿರುದ್ಧವಾಗಿ ನಾವು ಬಳಸುವ ಸಂಭವವುಂಟೆಂಬುದನ್ನೂ ತೋರಿಸುವುದಷ್ಟೇ ಇಲ್ಲಿಯ ಉದ್ದೇಶ.

ಮೊದಲು ಮೂರು ವಚನಗಳನ್ನು ನೆನೆಯೋಣ. ಒಂದು, ಆದ್ಯ ವಚನಕಾರ ಜೇಡರ ದಾಸಿಮಯ್ಯನದು. ಎರಡು, ‘ನಾಸ್ತಿನಾಥ’ ಅಂಕಿತದ ಗೊಗ್ಗವ್ವೆಯದು. ಮೂರು, ‘ಶಂಭುಜಕ್ಕೇಶ್ವರ’ ಅಂಕಿತದ ಸತ್ಯಕ್ಕನದು. ಮೂರೂ ವಾಚಕರಿಗೆ ಸುಪರಿಚಿತವಾದುದರಿಂದ ಅವುಗಳ ಪಾಠವನ್ನು ಇಲ್ಲಿ ಎತ್ತಿ ಬರೆಯುವುದಿಲ್ಲ. ಮೊದಲೆರಡರ ಆರಂಭ ಬಹುಮಟ್ಟಿಗೆ ಒಂದೇ ಬಗೆಯದು. ದೇಹದ ಕೆಲವು ಕುರುಹುಗಳನ್ನು ಕಂಡು ಲೋಕ ಒಬ್ಬರನ್ನು ಹೆಣ್ಣೆನ್ನುತ್ತದೆ, ಬೇರೆ ಕುರುಹುಗಳನ್ನು ಕಂಡು ಮತ್ತೊಬ್ಬರನ್ನು ಗಂಡೆನ್ನುತ್ತದೆ. ಅನಂತರ ದಾಸಿಮಯ್ಯ ಈ ಎರಡರ ನಡುವೆ ಸುಳಿದಾಡುವ ಆತ್ಮದತ್ತ ಕೈದೋರುತ್ತಾನೆ. ಗೊಗ್ಗವ್ವೆ ಈ ಎರಡನ್ನೂ ಅರಿಯುವ ಅರಿವು ಯಾವುದೆಂದು ಪ್ರಶ್ನಿಸುತ್ತಾಳೆ. ಸತ್ಯಕ್ಕನಾದರೋ ಇನ್ನೂ ಮುಂದೆ ಹೋಗಿ, ಈ ಕುರುಹುಗಳು ಪ್ರಮಾಣವೇ ಅಲ್ಲ, ಅದು ಲೋಕದ ರೂಢಿಯೇ ಹೊರತು ಬಲ್ಲವರ ನೀತಿಯಲ್ಲ ಎಂದು ತೀರ್ಮಾನವನ್ನೇ ಕೊಡುತ್ತಾಳೆ. ಹಣ್ಣನ್ನು ಅದರ ಸವಿಯಿಂದ, ಹೂವನ್ನು ಅದರ ಕಂಪಿನಿಂದ ಅರಿಯಬೇಕೆಂಬುದು ಅವಳು ಕೊಡುವ ದೃಷ್ಟಾಂತ.

ಈ ದೃಷ್ಟಾಂತದ ಅರ್ಥವನ್ನು ನಮ್ಮ ಸೀಮೆಯವರಿಗೆ ಬೇರೆ ವಿವರಿಸಬೇಕಾಗಿಲ್ಲ. ಬ್ಯಾಡಗಿಯ ಪೇಟೆಗೆ ಹೊಸದಾಗಿ ಬಂದವರು ಅಲ್ಲಿಯ ಮೆಣಸಿನಕಾಯಿಯ ಕಡುಗೆಂಪನ್ನು ಕಂಡು, ಇದರ ಖಾರ ನಾಲಗೆಯನ್ನು ಸುಟ್ಟೀತೆಂದು ಹೆದರುವುದುಂಟು. ಆದರೆ ಬ್ಯಾಡಗಿ ಕಾಯಿಯ ಹೆಸರು ನಿಂತಿರುವುದು ಬಣ್ಣದ ಮೇಲೆ. ಖಾರ ಅದರಲ್ಲಿ ಕಡಿಮೆ. ಸುಕ್ಕುಗಟ್ಟಿದ ತೊಗಲಿನ ಆ ಕಾಯಿಯನ್ನು ಬೆಳೆದವರಿಗೂ ಉಂಡವರಿಗೂ ಇದು ಗೊತ್ತು. ಹೊರಗಿನ ಕುರುಹಿನಿಂದ ಒಳಗಿನ ಗುಣವನ್ನು ಕಟ್ಟುವುದು ನೋಡುವವನ ಊಹೆ, ಕಾಯಿಯ ಗುಣವಲ್ಲ.

ಇನ್ನು ಒಬ್ಬ ಕನ್ನಡ ಮಾಸ್ತರನಿಗೆ ಸಹಜವಾಗಿ ತೋರುವ ಒಂದು ಪ್ರಶ್ನೆಯನ್ನು ಎತ್ತೋಣ. ದಾಸಿಮಯ್ಯನ ವಚನದ ಮೊದಲ ಭಾಗದಲ್ಲಿ ಕ್ರಿಯಾಪದದ ಕರ್ತೃ ಯಾರು? ‘ನಾನು’ ಅಲ್ಲ, ‘ನೀನು’ ಅಲ್ಲ. ಹೆಸರಿಲ್ಲದ ‘ಅವರು’, ಅಂದರೆ ಲೋಕ. ಹೆಣ್ಣೆಂದವರೂ ಲೋಕದವರು, ಗಂಡೆಂದವರೂ ಲೋಕದವರು. ಯಾರನ್ನು ಕುರಿತು ಈ ಮಾತು ನಡೆದಿದೆಯೋ ಆ ವ್ಯಕ್ತಿ ಅಲ್ಲಿ ಬಾಯಿ ತೆರೆದೇ ಇಲ್ಲ. ಆದುದರಿಂದ ವಚನಕಾರನ ನಿರಾಕರಣೆ ಮೊದಲು ತಟ್ಟುವುದು ಅಳೆಯುವವರ ಅಳತೆಗೋಲಿಗೆ. ತನ್ನನ್ನು ಕುರಿತು ತಾನೇ ನುಡಿಯುವವರ ನುಡಿಯನ್ನು ಅವನು ಅಲ್ಲಿ ನಿರಾಕರಿಸಿಲ್ಲ. ಆ ನುಡಿ ಆ ವಚನದಲ್ಲಿ ಬಂದೇ ಇಲ್ಲ.

ಇದು ಕೇವಲ ವ್ಯಾಕರಣದ ಚಮತ್ಕಾರವೆಂದು ತೋರಬಹುದು. ಆದರೆ ನಮ್ಮ ಭಾಷೆಯ ಸ್ವಭಾವವೇ ಈ ಅರ್ಥಕ್ಕೆ ಬೆಂಬಲವಾಗಿದೆ. ಕನ್ನಡದಲ್ಲಿ ‘ನಾನು ಬಂದೆನು’ ಎನ್ನುವಾಗ ನುಡಿದವರು ಹೆಣ್ಣೋ ಗಂಡೋ ಕ್ರಿಯಾಪದ ಹೇಳುವುದಿಲ್ಲ. ‘ನೀನು ಬಂದೆ’ ಎಂದು ಎದುರಿಗಿರುವವರನ್ನು ಮಾತಾಡಿಸುವಾಗಲೂ ಹೇಳುವುದಿಲ್ಲ. ‘ಬಂದನು’, ‘ಬಂದಳು’ ಎಂಬ ಭೇದ ಹುಟ್ಟುವುದು ಪ್ರಥಮ ಪುರುಷದಲ್ಲಿ, ಎಂದರೆ ಒಬ್ಬರನ್ನು ಕುರಿತು ಮತ್ತೊಬ್ಬರು ಮಾತಾಡುವಾಗ ಮಾತ್ರ. ಅಲ್ಲಿಯೂ ಗೌರವ ತೋರಬೇಕಾದಾಗ ‘ಬಂದರು’ ಎನ್ನುತ್ತೇವೆ. ಭೇದ ಮತ್ತೆ ಅಳಿಯುತ್ತದೆ. ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ಲಿಂಗವನ್ನು ವಿವೇಚಿಸುವಾಗ ಮೂರಕ್ಕೇ ನಿಲ್ಲದೆ ಒಂಬತ್ತರವರೆಗೆ ಎಣಿಸಿದನೆಂಬುದನ್ನು ವಿದ್ಯಾರ್ಥಿಗಳು ಬಲ್ಲರು. ಅದು ಪದಗಳ ಲಿಂಗವೇ ಹೊರತು ಮನುಷ್ಯರದಲ್ಲ, ನಿಜ. ಆದರೂ ಪ್ರಯೋಗದಲ್ಲಿ ಕಂಡುದನ್ನು ಎರಡು ಗೂಡುಗಳಿಗೆ ತುರುಕದೆ, ಕಂಡಷ್ಟಕ್ಕೂ ಹೆಸರಿಟ್ಟ ವೈಯಾಕರಣನ ಪ್ರಾಮಾಣಿಕತೆ ನಮಗೆ ಮೇಲ್ಪಂಕ್ತಿಯಾಗಬೇಕು.

ಲೋಕದವರ ಮಾತನ್ನು ನಿರಾಕರಿಸಿದ ಶರಣರು ತಮ್ಮನ್ನು ಕುರಿತು ತಾವು ಹೇಳಿಕೊಳ್ಳುವಾಗ ಏನೆಂದರು? ಇಲ್ಲಿ ಚಿತ್ರ ಬೇರೆಯಾಗುತ್ತದೆ. ತಾನು ಒಮ್ಮೆ ಗಂಡು, ಒಮ್ಮೆ ಹೆಣ್ಣು ಎಂಬ ಅರ್ಥದಲ್ಲಿ ಬಸವಣ್ಣನವರು ನುಡಿದ ವಚನವೊಂದುಂಟು. ಕೂಡಲಸಂಗಮದೇವನಿಗಾಗಿ ಕಾಳಗಕ್ಕೆ ನಿಲ್ಲುವ ತಾನೇ ಆತನ ಶರಣರಿಗೆ ವಧುವೂ ಆಗುವೆನೆಂಬುದು ಅದರ ತಾತ್ಪರ್ಯ. ಉರಿಲಿಂಗದೇವನೂ ಗಜೇಶ ಮಸಣಯ್ಯನೂ ಲಿಂಗವನ್ನು ಪತಿಯೆಂದು ಭಾವಿಸಿ, ಸತಿಯ ಬಾಯಿಂದ ವಿರಹವನ್ನೂ ಸಮಾಗಮವನ್ನೂ ನುಡಿದರು. ಅಕ್ಕಮಹಾದೇವಿ ತಾನು ಹೆಸರಿಗೆ ಹೆಣ್ಣಾದರೂ ಭಾವದಲ್ಲಿ ಗಂಡುರೂಪು ಎಂಬರ್ಥದ ಮಾತನ್ನಾಡಿದಳು. ಇವರಾರೂ ‘ಆತ್ಮಕ್ಕೆ ಭೇದವಿಲ್ಲ, ಆದುದರಿಂದ ನಾನು ಏನೂ ಅಲ್ಲ’ ಎಂದು ಸುಮ್ಮನಾಗಲಿಲ್ಲ. ತಮ್ಮ ಅಂತರಂಗಕ್ಕೆ ಯಾವುದು ನಿಜವೆನಿಸಿತೋ ಅದನ್ನು ತಮ್ಮ ಬಾಯಿಂದ ನುಡಿದರು. ಕೇಳಿದ ಶರಣ ಸಮೂಹ ಆ ನುಡಿಯನ್ನು ಕಾಪಾಡಿತು. ಲೋಕ ಹಚ್ಚುವ ಹೆಸರನ್ನು ಒಪ್ಪದಿರುವುದು, ತಾನು ಕಂಡ ನಿಜವನ್ನು ತಾನೇ ನುಡಿಯುವುದು, ಈ ಎರಡೂ ಸೇರಿದಾಗಲೇ ವಚನಕಾರರ ನಿಲುವು ಪೂರ್ಣವಾಗುತ್ತದೆ. ಗೋಷ್ಠಿಗಳಲ್ಲಿ ನಾವು ಮೊದಲನೆಯದನ್ನು ಹಾಡುತ್ತೇವೆ, ಎರಡನೆಯದನ್ನು ಮರೆಯುತ್ತೇವೆ.

ಇಲ್ಲಿ ಪಂಡಿತರು ಒಂದು ಆಕ್ಷೇಪವನ್ನು ತರಬಹುದು, ತರಲೂಬೇಕು. ‘ಶರಣಸತಿ-ಲಿಂಗಪತಿ’ ಎಂಬುದು ಷಟ್‌ಸ್ಥಲದಲ್ಲಿ ಶರಣಸ್ಥಲಕ್ಕೆ ಸಂಬಂಧಿಸಿದ ಭಾವ. ಅದು ಸಾಧನೆಯ ಒಂದು ನೆಲೆ. ಹೆಣ್ಣಾಗಿ ಬಾಳಲು ಬಯಸುವ ಇಂದಿನ ವ್ಯಕ್ತಿಯ ಸಾಮಾಜಿಕ ಪ್ರಶ್ನೆಗೂ ಅದಕ್ಕೂ ಏನು ಸಂಬಂಧ? ಈ ಆಕ್ಷೇಪದಲ್ಲಿ ಸತ್ಯವಿದೆ. ಬಸವಣ್ಣನವರಾಗಲಿ ಉರಿಲಿಂಗದೇವನಾಗಲಿ ಇಂದು ನಾವು ಲಿಂಗತ್ವ ಅಲ್ಪಸಂಖ್ಯಾತರೆನ್ನುವವರನ್ನು ಕುರಿತು ವಚನ ಬರೆದರೆಂದು ಹೇಳಿದರೆ ಅದು ವಿಮರ್ಶೆಯಾಗದು, ವಕಾಲತ್ತಾದೀತು. ವಚನದಲ್ಲಿಲ್ಲದುದನ್ನು ವಚನದ ತಲೆಗೆ ಕಟ್ಟಬಾರದು. ಆದರೆ ಅದೇ ನ್ಯಾಯ ಎರಡು ಕಡೆಗೂ ಸಲ್ಲಬೇಕು. ‘ಆತ್ಮಕ್ಕೆ ಭೇದವಿಲ್ಲ’ ಎಂಬುದು ಪರಮಾರ್ಥದ ಮಾತಾದರೆ, ಅದನ್ನು ವ್ಯವಹಾರಕ್ಕೆ ಇಳಿಸಿ, ‘ನೀನೇಕೆ ಹೆಣ್ಣೆಂದುಕೊಳ್ಳುತ್ತೀ?’ ಎಂದು ಒಬ್ಬರ ಬಾಯಿ ಮುಚ್ಚಿಸುವುದಕ್ಕೂ ನಮಗೆ ಅಧಿಕಾರವಿಲ್ಲ. ಸಾಂತ್ವನಕ್ಕೆ ಬಾರದ ವಚನ ಶಾಸನಕ್ಕೆ ಮಾತ್ರ ಹೇಗೆ ಬಂದೀತು?

ಈ ವಿಚಾರ ನನಗೆ ಸ್ಪಷ್ಟವಾದುದು ಒಂದು ಪುಸ್ತಕದ ಹೆಸರಿನಿಂದ. ಜೋಗತಿ ನೃತ್ಯದ ಕಲಾವಿದೆ ಮಂಜಮ್ಮ ಜೋಗತಿಯವರ ಆತ್ಮಕಥನವನ್ನು ಅರುಣ್ ಜೋಳದಕೂಡ್ಲಿಗಿಯವರು ನಿರೂಪಿಸಿದ್ದಾರೆ. ಅದರ ಹೆಸರು ‘ನಡುವೆ ಸುಳಿವ ಹೆಣ್ಣು’. ಮಂಜಮ್ಮನವರು ಬಳ್ಳಾರಿ ಜಿಲ್ಲೆಯ ಕಲ್ಲುಕಂಬದಲ್ಲಿ ಹುಟ್ಟಿದವರು. ಗಂಡುಮಗುವೆಂದು ಹೆಸರಿಡಿಸಿಕೊಂಡು ಬೆಳೆದವರು. ಒಳಗಿನ ಹೆಣ್ತನ ಮುಚ್ಚಿಡಲಾಗದಾದಾಗ ಜೋಗತಿಯಾಗಿ ದೀಕ್ಷೆ ಪಡೆದು, ಮನೆಯಿಂದ ಹೊರಬಿದ್ದು, ಹಸಿವು ಅವಮಾನಗಳನ್ನು ಉಂಡು, ಕಾಳವ್ವ ಜೋಗತಿಯವರ ಮೇಳದಲ್ಲಿ ಕಲಿತು ಬೆಳೆದವರು. 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷ ಸ್ಥಾನಕ್ಕೆ ಬಂದ ಅವರಿಗೆ 2021ರಲ್ಲಿ ಪದ್ಮಶ್ರೀ ಪ್ರಶಸ್ತಿ ದೊರೆಯಿತು. ರಾಷ್ಟ್ರಪತಿ ಭವನದಲ್ಲಿ ಪ್ರಶಸ್ತಿ ಪಡೆಯುವ ಮುನ್ನ ಅವರು ಸೆರಗಿನಿಂದ ದೃಷ್ಟಿ ತೆಗೆದು ರಾಷ್ಟ್ರಪತಿಗಳನ್ನು ಹರಸಿದುದನ್ನು ನಾಡೆಲ್ಲ ನೋಡಿತು.

ಆ ಶೀರ್ಷಿಕೆಯ ಹಿಂದೆ ದಾಸಿಮಯ್ಯನ ವಚನವಿದೆ ಎಂಬುದನ್ನು ನಮ್ಮ ವಾಚಕರು ಕೇಳಿದೊಡನೆಯೇ ಬಲ್ಲರು. ಆದರೆ ಒಂದು ಪದ ಬದಲಾಗಿದೆ. ವಚನದಲ್ಲಿ ನಡುವೆ ಸುಳಿದಾಡುವುದು ಆತ್ಮ. ಶೀರ್ಷಿಕೆಯಲ್ಲಿ ಸುಳಿಯುವವಳು ಹೆಣ್ಣು. ಮೊದಲು ಕಂಡಾಗ ನನ್ನ ಮನಸ್ಸು ಮುದುಡಿತು. ಭೇದವನ್ನು ದಾಟಿದ ವಚನವನ್ನು ಮತ್ತೆ ಭೇದಕ್ಕೇ ಎಳೆದು ತಂದುದು ಸರಿಯೇ ಎನಿಸಿತು. ಶುದ್ಧ ಪಾಠದ ಅಭಿಮಾನಿಗಳಾದ ನಮಗೆ ಅಂಥ ಮುಜುಗರ ಸಹಜ. ಆದರೆ ಪುಸ್ತಕವನ್ನು ಓದುತ್ತ ಹೋದಂತೆ, ಆ ಬದಲಾವಣೆ ಅಜ್ಞಾನದ ಫಲವಲ್ಲ, ವ್ಯಾಖ್ಯಾನವೇ ಎಂದು ತಿಳಿಯಿತು. ಲೋಕ ಕುರುಹುಗಳನ್ನು ನೋಡಿ ‘ಗಂಡು’ ಎಂದಿತು. ಆ ಮಾತನ್ನು ವಚನದಂತೆಯೇ ಈ ಬಾಳೂ ನಿರಾಕರಿಸಿತು. ನಿರಾಕರಿಸಿದ ಮೇಲೆ ಉಳಿದ ಆ ‘ನಾನು’ ಬಾಯಿ ತೆರೆದು ‘ಹೆಣ್ಣು’ ಎಂದಿತು. ಅಂದರೆ ಲೋಕದ ಮಾತಿಗೆ ಪ್ರತಿಯಾಗಿ, ವಚನದಲ್ಲಿ ಮೌನವಾಗಿದ್ದ ವ್ಯಕ್ತಿ ಇಲ್ಲಿ ತನ್ನ ಮಾತನ್ನು ತಾನೇ ಆಡಿದಂತಾಯಿತು. ಶೀರ್ಷಿಕೆ ವಚನವನ್ನು ಅಲ್ಲಗಳೆಯುವುದಿಲ್ಲ; ಅದು ನಿಲ್ಲಿಸಿದಲ್ಲಿಂದ ಮುಂದುವರಿಸುತ್ತದೆ. ಈ ಒಂದು ಪದದ ಬದಲಾವಣೆ ನನಗೆ ಎಷ್ಟೋ ಟೀಕೆಗಳಿಗಿಂತ ಹೆಚ್ಚು ಬೆಳಕು ನೀಡಿತು.

ಇದನ್ನು ಒಪ್ಪಿಕೊಳ್ಳುವುದಕ್ಕೆ ನನಗೆ ಬೇರೊಂದು ಕಾರಣವೂ ಇದೆ. ಅದನ್ನು ಮರೆಮಾಚಿ ವಿಮರ್ಶೆ ಬರೆಯುವುದು ಪ್ರಾಮಾಣಿಕವಾಗದು. ಬಹು ವರ್ಷಗಳ ಹಿಂದೆ ನಾನು ಕೆಲಸ ಮಾಡುತ್ತಿದ್ದ ಒಂದು ಪ್ರೌಢಶಾಲೆಯಲ್ಲಿ ಅಕ್ಕಮಹಾದೇವಿಯ ನಾಟಕವಾಡಿಸಿದೆವು. ಪಾತ್ರಕ್ಕೆ ಹುಡುಗಿಯರು ಮುಂದೆ ಬಾರದುದರಿಂದ ಹುಡುಗನೆಂದು ದಾಖಲಾಗಿದ್ದ ವಿದ್ಯಾರ್ಥಿಯೊಬ್ಬರಿಗೆ ಅದನ್ನು ಕೊಟ್ಟೆವು. ಅಷ್ಟು ಸಹಜವಾದ ಅಕ್ಕನನ್ನು ನಾನು ಅನಂತರ ಯಾವ ರಂಗದ ಮೇಲೂ ಕಾಣಲಿಲ್ಲ. ನಾಟಕ ಮುಗಿದ ಮೇಲೂ ಆ ವಿದ್ಯಾರ್ಥಿ ನಡೆನುಡಿಯಲ್ಲಿ ಹೆಣ್ಣಾಗಿಯೇ ಉಳಿಯಬಯಸಿದಾಗ ತರಗತಿ ನಕ್ಕಿತು. ನಾನು ನಗಲಿಲ್ಲ; ಆದರೆ ಅದಕ್ಕಿಂತ ಕೆಟ್ಟದ್ದನ್ನು ಮಾಡಿದೆ. ಎಲ್ಲರೆದುರಿಗೆ ನಿಲ್ಲಿಸಿ, ದಾಸಿಮಯ್ಯನ ವಚನವನ್ನು ಹೇಳಿಸಿ, ‘ಆತ್ಮಕ್ಕೆ ಹೆಣ್ಣು-ಗಂಡಿಲ್ಲವೆಂದ ಮೇಲೆ ನಿನಗೇಕೆ ಈ ಒಯ್ಯಾರ?’ ಎಂದು ಕೇಳಿದೆ. ಬುದ್ಧಿ ಹೇಳಿದೆನೆಂಬ ತೃಪ್ತಿಯಿಂದ ಮನೆಗೆ ಹೋದೆ. ಮರುವಾರದಿಂದ ಹಾಜರಿ ಪುಸ್ತಕದಲ್ಲಿ ಆ ಹೆಸರಿನ ಮುಂದೆ ಗೈರುಹಾಜರಿಯ ಗುರುತಷ್ಟೇ ಉಳಿಯಿತು.

2023ರ ಜನವರಿಯಲ್ಲಿ ಹಾವೇರಿಯಲ್ಲಿ 86ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಡೆದಾಗ, ಪುಸ್ತಕ ಮಳಿಗೆಗಳ ಸಾಲಿನಲ್ಲಿ ಇಳಕಲ್ ಸೀರೆಯುಟ್ಟ ಒಬ್ಬಾಕೆ ನನ್ನ ಕಾಲು ಮುಟ್ಟಿದಳು. ಗುರುತು ಹತ್ತಲಿಲ್ಲ. ಅಕ್ಕನ ನಾಟಕವನ್ನು ನೆನಪಿಸಿದಾಗ ಹತ್ತಿತು. ಆರೋಗ್ಯ, ಊರು, ಮಕ್ಕಳು ಎಂದೆಲ್ಲ ವಿಚಾರಿಸಿದ ಮೇಲೆ ಆಕೆ ಮೆಲ್ಲನೆ ಕೇಳಿದ ಮಾತು ಇದು: ‘ಗುರುಗಳ, ಆತ್ಮಕ್ಕ ಹೆಣ್ಣು ಗಂಡು ಇಲ್ಲ ಅಂತ ಆವತ್ತ ಹೇಳಿದ್ರಿ. ಅದು ಖರೇ ಐತ್ರಿ. ಆದ್ರ ಅಷ್ಟು ಮಂದಿಯೊಳಗ ನನಗೊಬ್ಬಾಕಿಗೇ ಯಾಕ ಹೇಳಿದ್ರಿ? ಮೀಸಿ ಬಂತಂತ ತಿರುವಿಕೋತ ಕುಂತಿದ್ದ ಹುಡುಗರಿಗೆ ಯಾಕ ಹೇಳಲಿಲ್ರಿ?’

ನನ್ನಲ್ಲಿ ಉತ್ತರವಿರಲಿಲ್ಲ. ಇಂದಿಗೂ ಇಲ್ಲ. ವಚನ ಎಲ್ಲರನ್ನೂ ಕುರಿತು ಹೇಳಿದುದನ್ನು ನಾನು ಒಬ್ಬಳ ಮೇಲೆ ಹೊರಿಸಿದ್ದೆ. ಲೋಕದವರ ಅಳತೆಗೋಲನ್ನು ಮುರಿಯಲು ದಾಸಿಮಯ್ಯ ನುಡಿದ ಮಾತನ್ನೇ ಅಳತೆಗೋಲಾಗಿ ಹಿಡಿದಿದ್ದೆ. ಆ ದಿನ ತರಗತಿಯಲ್ಲಿ ಲೋಕದ ಪಾತ್ರವನ್ನು ವಹಿಸಿದವನು ನಾನೇ.

ಹೀಗೆ ಅಳೆಯುವ ಚಟ ವ್ಯಕ್ತಿಗಳದಷ್ಟೇ ಅಲ್ಲ. ರಾಜ್ಯದ ದಫ್ತರಗಳಿಗೂ ಅದು ಹಳೆಯದು. 1871ರಲ್ಲಿ ಬ್ರಿಟಿಷರು ತಂದ ಅಪರಾಧಿ ಬುಡಕಟ್ಟುಗಳ ಕಾಯಿದೆಯ ಎರಡನೆಯ ಭಾಗ ಹಿಜಡಾ ಜನರನ್ನು ಅನುಮಾನದಿಂದ ಕಂಡು, ಅವರ ಹೆಸರುಗಳನ್ನು ಪಟ್ಟಿ ಮಾಡಿಸಿತು. ಸ್ವಾತಂತ್ರ್ಯ ಬಂದು ಆರು ದಶಕಗಳು ಕಳೆದ ಮೇಲೂ, 2011ರಲ್ಲಿ, ಕರ್ನಾಟಕ ಪೊಲೀಸ್ ಕಾಯಿದೆಗೆ ಸೇರಿಸಿದ 36ಎ ಕಲಮಿನಲ್ಲಿ ಅಂಥದೇ ಪಟ್ಟಿಯ ಮಾತು ಬಂದಿತು. ಇದಕ್ಕೆ ಎದುರಾಗಿ 2014ರ ಏಪ್ರಿಲ್ 15ರಂದು ಸರ್ವೋಚ್ಚ ನ್ಯಾಯಾಲಯ ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರದ ಮೊಕದ್ದಮೆಯಲ್ಲಿ ತೀರ್ಪು ನೀಡಿ, ಒಬ್ಬ ವ್ಯಕ್ತಿ ತನ್ನ ಲಿಂಗತ್ವವನ್ನು ತಾನೇ ನಿರ್ಣಯಿಸಿಕೊಳ್ಳುವುದು ಸಂವಿಧಾನ ಕೊಟ್ಟ ಘನತೆಯ ಭಾಗವೆಂದೂ, ಅದಕ್ಕೆ ಶಸ್ತ್ರಚಿಕಿತ್ಸೆಯನ್ನು ಕಡ್ಡಾಯಗೊಳಿಸುವುದು ಸಲ್ಲದೆಂದೂ ಸಾರಿತು. 2019ರಲ್ಲಿ ಸಂಸತ್ತು ಮಾಡಿದ ಕಾಯಿದೆ ಆ ಹಕ್ಕಿನ ಮಾತನ್ನೂ ಸೇರಿಸಿತು. ಜೊತೆಗೇ ಜಿಲ್ಲಾ ದಂಡಾಧಿಕಾರಿಗಳಿಂದ ಪ್ರಮಾಣಪತ್ರ ಪಡೆಯುವ ಏರ್ಪಾಡನ್ನೂ ಮಾಡಿತು. ಈ ‘ಪ್ರಮಾಣ’ ಎಂಬ ಶಬ್ದವನ್ನು ಕೇಳಿದಾಗಲೆಲ್ಲ ನನಗೆ ಸತ್ಯಕ್ಕ ನೆನಪಾಗುತ್ತಾಳೆ. ದೇಹದ ಕುರುಹು ಪ್ರಮಾಣವಲ್ಲವೆಂದು ಅವಳು ಹನ್ನೆರಡನೆಯ ಶತಮಾನದಲ್ಲಿ ನುಡಿದಳು. ಅವಳ ಊರೆಂದು ಹೇಳುವ ಹಿರೇಜಂಬೂರು ನಮ್ಮ ಜಿಲ್ಲೆಗೆ ತಾಗಿದ ಶಿಕಾರಿಪುರ ತಾಲ್ಲೂಕಿನಲ್ಲಿದೆ. ಅಕ್ಕನ ಉಡುತಡಿಯೂ ಅಲ್ಲಿಯೇ. ಕಚೇರಿಯ ಕಾಗದ ವ್ಯವಹಾರಕ್ಕೆ ಬೇಕಾದೀತು. ಆದರೆ ಬಲ್ಲವರ ನೀತಿ ಕಾಗದಕ್ಕಾಗಿ ಕಾಯಬಾರದು.

ಕೊನೆಯದಾಗಿ ನಮ್ಮ ಸಮಾಜಕ್ಕೆ ಚೆನ್ನಾಗಿ ಅರ್ಥವಾಗುವ ಒಂದು ನಿದರ್ಶನ. ವಚನಕಾರರಿಗೆ ಅಂಕಿತವೆಂಬುದು ಪ್ರಾಣಸಮಾನ. ಬಹುಪಾಲು ಶರಣರು ತಮ್ಮ ಇಷ್ಟದೈವದ ಹೆಸರನ್ನು ಅಂಕಿತವಾಗಿ ಆರಿಸಿಕೊಂಡರೆ, ರಾಣೇಬೆನ್ನೂರು ತಾಲ್ಲೂಕಿನ ಚೌಡಯ್ಯದಾನಪುರದಲ್ಲಿ ತುಂಗಭದ್ರೆಯ ದಡದಲ್ಲಿ ನೆಲೆಸಿದ ಅಂಬಿಗರ ಚೌಡಯ್ಯ ಕಾಯಕದ ಸಮೇತ ತನ್ನ ಹೆಸರನ್ನೇ ಅಂಕಿತ ಮಾಡಿಕೊಂಡ. ‘ದೈವದ ಹೆಸರಿಡಬೇಕಿತ್ತು’ ಎಂದು ಯಾವ ಸಂಪಾದಕನೂ ಅದನ್ನು ತಿದ್ದಲು ಹೋಗಲಿಲ್ಲ. ‘ಬಸವ ವಚನ ದೀಪ್ತಿ’ ಎಂಬ ಗ್ರಂಥದಲ್ಲಿ ಬಸವಣ್ಣನವರ ‘ಕೂಡಲಸಂಗಮದೇವ’ ಎಂಬ ಅಂಕಿತವನ್ನು ‘ಲಿಂಗದೇವ’ ಎಂದು ಬದಲಿಸಿದಾಗ ನಾಡಿನ ಮಠಮಾನ್ಯಗಳೂ ವಿದ್ವಾಂಸರೂ ಎಷ್ಟು ನೊಂದರೆಂಬುದು ಎಲ್ಲರಿಗೂ ನೆನಪಿದೆ. 1998ರಲ್ಲಿ ಸರಕಾರ ಆ ಗ್ರಂಥವನ್ನು ಮುಟ್ಟುಗೋಲು ಹಾಕಿತು. 2017ರಲ್ಲಿ ಸರ್ವೋಚ್ಚ ನ್ಯಾಯಾಲಯ ಆ ಕ್ರಮವನ್ನು ಎತ್ತಿಹಿಡಿಯಿತು. ಗ್ರಂಥ ನಿಷೇಧದ ಸರಿತಪ್ಪುಗಳು ಇಲ್ಲಿಯ ವಿಷಯವಲ್ಲ. ಆದರೆ ನಮ್ಮ ನೋವಿನ ಮೂಲದಲ್ಲಿ ಒಂದು ತತ್ತ್ವವಿತ್ತು: ತನ್ನ ಮಾತಿಗೆ ತಾನಿಟ್ಟ ಮುದ್ರೆಯನ್ನು ಬೇರೊಬ್ಬರು, ಎಷ್ಟೇ ಸದುದ್ದೇಶದಿಂದಾಗಲಿ, ಅಳಿಸಬಾರದು. ಎಂಟುನೂರು ವರ್ಷಗಳ ಹಿಂದಿನ ಅಂಕಿತಕ್ಕೆ ಸಲ್ಲುವ ಈ ಮರ್ಯಾದೆ, ಎದುರಿಗೆ ನಿಂತು ‘ನಾನು ಇಂಥವಳು’ ಎನ್ನುವ ಜೀವಂತ ವ್ಯಕ್ತಿಗೆ ಸಲ್ಲಬಾರದೇ? ಅದೂ ಒಂದು ಅಂಕಿತವೇ. ಅದನ್ನು ತಿದ್ದುವ ಅಧಿಕಾರ ತಂದೆಗಿಲ್ಲ, ಮಾಸ್ತರನಿಗಿಲ್ಲ, ಓದುಗನಿಗಿಲ್ಲ.

‘ಲಿಂಗ’ವೆಂಬ ಒಂದೇ ಶಬ್ದ ನಮ್ಮಲ್ಲಿ ವ್ಯಾಕರಣದ ಸಂಜ್ಞೆಯೂ ಹೌದು, ದೇಹದ ಕುರುಹೂ ಹೌದು, ಅಂಗೈಯಲ್ಲಿ ಬೆಳಗುವ ಪರವಸ್ತುವೂ ಹೌದು. ಮೂರನೆಯದನ್ನು ಧರಿಸಿದವರು ಮೊದಲೆರಡರ ಹೆಸರಿನಲ್ಲಿ ಒಂದು ಜೀವವನ್ನು ನೋಯಿಸಿದರೆ ಆ ಧಾರಣೆಗೆ ಅರ್ಥವುಳಿಯದು. ಆಚರಣೆಯೂ ಕಷ್ಟದ್ದೇನಲ್ಲ. ಒಬ್ಬರು ತಮ್ಮನ್ನು ಯಾವ ಹೆಸರಿನಿಂದ, ಅಕ್ಕನೆಂದೋ ಅಣ್ಣನೆಂದೋ, ಕರೆಯಬೇಕೆಂದು ಹೇಳುತ್ತಾರೋ ಹಾಗೆಯೇ ಕರೆಯುವುದು. ತಿಳಿಯದಿದ್ದಾಗ ಕನ್ನಡವೇ ಒದಗಿಸಿದ ‘ಅವರು’ ಎಂಬ ಗೌರವದ ಮಾತನ್ನು ಬಳಸುವುದು. ಅವರಿಲ್ಲದಾಗಲೂ ಬೇರೆ ಮಾತನ್ನಾಡದಿರುವುದು. ವಾಚಕರು ಗಮನಿಸಿರಬಹುದು, ಈ ಲೇಖನದಲ್ಲಿ ನನ್ನ ಆ ವಿದ್ಯಾರ್ಥಿಯನ್ನು ಸಮ್ಮೇಳನದ ಪ್ರಸಂಗದಿಂದೀಚೆಗೆ ‘ಆಕೆ’ ಎಂದಿದ್ದೇನೆ. ಅದಕ್ಕೆ ಮೊದಲು ‘ವಿದ್ಯಾರ್ಥಿ’ ಎಂದು ನುಣುಚಿಕೊಂಡಿದ್ದೇನೆ. ಆ ಹಾಜರಿ ಪುಸ್ತಕದ ದಿನಗಳಲ್ಲಿಯೂ ಆಕೆ ಆಕೆಯೇ ಆಗಿದ್ದಳು. ಈಗಲಾದರೂ ಅದನ್ನು ಬರೆದಿಡುತ್ತೇನೆ.